ಎಲ್ಲಿಗೆ ಎಂದು ಕೇಳದ ದಾರಿ

ನಮ್ಮೂರ ಹಿಂದಿನ ಬೋರೆಯಲ್ಲಿ ನಡೆಯುವುದಕ್ಕೆ ಎದೆಗಾರಿಕೆ ಏನೂ ಬೇಕಿರಲಿಲ್ಲ. ತವರಿನಲ್ಲಿ ಬಾಣಂತಿತನ ಮುಗಿಸಿದ ಹೆಣ್ಣುಮಕ್ಕಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಆ ದಾರಿಯಲ್ಲೇ ಗಂಡನ ಮನೆಗೆ ಹೋಗುತ್ತಿದ್ದರು. ಕಣ್ಣಿಗೆ ಪೊರೆ ಬಂದ ಮುದುಕರು ಕೋಲೂರಿಕೊಂಡು ಹೋಗಿ ಬರುತ್ತಿದ್ದರು. ಬೋರೆ ಎಂದರೆ ಗುಡ್ಡವೂ ಅಲ್ಲ, ಬಯಲೂ ಅಲ್ಲ. ಊರಿಗಿಂತ ಒಂದೆರಡಾಳು ಎತ್ತರಕ್ಕೆ ಮೆಲ್ಲಗೆ ಉಬ್ಬಿದ ಕೆಂಪು ಗರಸಿನ ನೆಲ. ಅದರ ತುಂಬ ತಂಗಡಿ, ಬಂದರೆ, ಕಾರೆ, ಆಳೆತ್ತರದ ಲಂಟಾನ, ಅಲ್ಲೊಂದು ಇಲ್ಲೊಂದು ಸೀತಾಫಲದ ಗಿಡ. ಪೂರ್ವಕ್ಕೆ ಫಾರೆಸ್ಟಿನವರು ಹಾಕಿದ ನೀಲಗಿರಿ ತೋಪು, ತೋಪು ಮುಗಿದಲ್ಲಿ ಕೆರೆ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಇದೆಲ್ಲ ಕಿಟಕಿಯಾಚೆಯ ಪಾಳು. ನಮಗೆ ಅದರಲ್ಲಿ ಹತ್ತಾರು ದಾರಿಗಳಿದ್ದವು.

ಅವನ್ನು ನನಗೆ ಕಲಿಸಿದವನು ನನ್ನ ದೊಡ್ಡಪ್ಪ, ಅಪ್ಪನ ಅಣ್ಣ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಮಾತನ್ನೂ ದಾರಿಯನ್ನೂ ನಾನು ದೊಡ್ಡಪ್ಪನ ಹಿಂದೆ ನಡೆದೇ ಕಲಿತೆ. ಅವನು ಮುಂದೆ, ಅವನ ಮುಂದೆ ನಾಲ್ಕು ದನ, ಹಿಂದೆ ನಾನು. ಅವನಿಗೆ ಆತುರ ಎಂಬುದೇ ಗೊತ್ತಿರಲಿಲ್ಲ. "ಲೇ, ದನ ತುಳಿದಿದ್ರೆ ಅದು ದಾರಿ. ಮೇಕೆ ತುಳಿದಿದ್ರೆ ನಂಬಬೇಡ, ಅದು ಎಲ್ಲಿಗೂ ಹೋಗಲ್ಲ, ಎಲ್ಲಿ ಸೊಪ್ಪು ಮುಗೀತದೋ ಅಲ್ಲೇ ನಿಂತ್ಬಿಡ್ತದೆ" ಎನ್ನುತ್ತಿದ್ದ. ಗೌಜಲಕ್ಕಿ ಯಾವ ಪೊದೆಯಿಂದ ಎದ್ದು ಯಾವ ಪೊದೆಯಲ್ಲಿ ಇಳಿಯುತ್ತದೆಂದು ಮೊದಲೇ ಹೇಳಿ, ಅದು ಹಾಗೇ ಇಳಿದಾಗ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದ.

ಊರಿನಿಂದ ಬೋರೆ ಹತ್ತಿದರೆ ನಡುವೆ ಒಂದು ಹಾಸುಬಂಡೆ ಸಿಗುತ್ತದೆ. ಹತ್ತು ಜನ ಕಾಲು ಚಾಚಿ ಕೂರಬಹುದಾದಷ್ಟು ದೊಡ್ಡದು. ಅಲ್ಲಿಂದ ಎಡಕ್ಕೆ ಹೋದರೆ ತೋಪು, ಕೆರೆ. ಬಲಕ್ಕೆ ಹೋದರೆ ಒಂದು ಹಳ್ಳ. ದೊಡ್ಡಪ್ಪನ ಮನೆ ಊರಿನ ಪಡುವಣ ತುದಿಯಲ್ಲಿತ್ತು. ಮೊದಲು ಅವನ ಹಿತ್ತಲಿನಿಂದಲೇ ಆ ಹಳ್ಳಕ್ಕೆ ನೆಟ್ಟಗೆ ಇಳಿಯಬಹುದಿತ್ತು. ವಿಮಾನ ನಿಲ್ದಾಣ ಬಂದ ಮೇಲೆ ಹಿತ್ತಲಾಚೆಯ ಹೊಲಗಳೆಲ್ಲ ಲೇಔಟ್ ಆದವು. ಕಲ್ಲುಕಂಬ ನೆಟ್ಟು, ತಂತಿ ಬಿಗಿದು, ಗೇಟಿಗೆ ಬೀಗ ಹಾಕಿದರು. ಮನೆ ಒಂದೂ ಏಳಲಿಲ್ಲ. ಹಳ್ಳಕ್ಕೆ ಹೋಗಬೇಕೆನ್ನುವವರು ಹಾಸುಬಂಡೆ ಸುತ್ತಿಕೊಂಡೇ ಹೋಗಬೇಕಾಯಿತು. ರಸ್ತೆಗಳನ್ನು ಅಗಲ ಮಾಡಲು ಮಣ್ಣು ಬೇಕಾದಾಗ ಹಳ್ಳದ ಬದಿಯ ಗೋಮಾಳಕ್ಕೆ ಜೇಸಿಬಿ ಬಂತು. ಯಾರು ಹೇಳಿದರು, ಯಾರು ಬಿಟ್ಟರು ಎಂದು ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಟಿಪ್ಪರುಗಳು ಮಾತ್ರ ದಿನವೂ ಬಂದು ತುಂಬಿಕೊಂಡು ಹೋಗುತ್ತಿದ್ದವು.

ನಾನಾಗ ದೊಡ್ಡಬಳ್ಳಾಪುರದ ಹತ್ತಿರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಅಧಿಕಾರಿಯೊಬ್ಬರು ಬೆಂಗಳೂರಿನವರು. ಭಾನುವಾರ ಭಾನುವಾರ ಸ್ನೇಹಿತರ ಜೊತೆ ಎಲ್ಲಾದರೂ ನಡೆಯಲು ಹೋಗುವ ಅಭ್ಯಾಸ ಅವರಿಗೆ. "ನಿಮ್ಮೂರ ಹತ್ರ ಸುಲಭವಾದ ದಾರಿ ಇದೆಯೇನ್ರೀ? ಹತ್ತೋದು ಬೇಡ. ಎರಡು ಗಂಟೆ ನಡೆದು ಕೊನೆಗೆ ಕಾಫಿ ಸಿಕ್ಕಿದ್ರೆ ಸಾಕು" ಎಂದರು. ನನಗೆ ನಗು ಬಂತು. ನಮ್ಮೂರಿನಲ್ಲಿ ಇರುವುದೆಲ್ಲ ಸುಲಭವಾದ ದಾರಿಗಳೇ. ಮುಂದಿನ ಭಾನುವಾರವೇ ಎರಡು ಕಾರುಗಳಲ್ಲಿ ಹನ್ನೆರಡು ಜನ ಬಂದಿಳಿದರು. ತಲೆಗೆ ಟೋಪಿ, ಮುಖಕ್ಕೆ ಬಿಳಿ ಕ್ರೀಮು, ಬೆನ್ನಿಗೆ ನೀರಿನ ಚೀಲ. ನಾನು ಅವರನ್ನು ಹಾಸುಬಂಡೆಗೆ ಹತ್ತಿಸಿ, ಎಡಕ್ಕೆ ತೋಪಿನೊಳಗೆ ಹಾಯಿಸಿ, ಕೆರೆ ಏರಿಯ ಮೇಲೆ ನಡೆಸಿ, ಊರಿಗೆ ತಂದು ಕಾಫಿ ಕುಡಿಸಿದೆ. ಟಿಪ್ಪರಿನ ದೂಳು ಎಂದು ಬಲಗಡೆಯ ಹಳ್ಳದ ತಂಟೆಗೆ ಮಾತ್ರ ಹೋಗಲಿಲ್ಲ. ಅವರಿಗೆ ಬಹಳ ಹಿಡಿಸಿತು. ತಿಂಗಳಿಗೊಮ್ಮೆ ಬರತೊಡಗಿದರು.

"ಅದೇನ್ಲಾ ಅವರು ಟ್ರೇಲು ಟ್ರೇಲು ಅಂತಾರೆ?" ಎಂದು ದೊಡ್ಡಪ್ಪ ಕೇಳಿದ.

"ದಾರಿ ದೊಡ್ಡಪ್ಪ."

"ದಾರಿ ಅನ್ನಕ್ಕೆ ಬಾಯಿ ನೋಯ್ತದಾ ಅವ್ರಿಗೆ?"

ನಾನು ಅವರ ಮುಂದೆ ನಡೆಯುವಾಗ ಬಾಯಿಗೆ ಬೀಗವಿರಲಿಲ್ಲ. ದೊಡ್ಡಪ್ಪನಿಂದ ಕೇಳಿದ್ದನ್ನೆಲ್ಲ ಹೇಳುತ್ತಿದ್ದೆ. ಅವನು ಹೇಳಿದ್ದಕ್ಕಿಂತ ಸ್ವಲ್ಪ ಬಣ್ಣ ಹಚ್ಚಿಯೇ ಹೇಳುತ್ತಿದ್ದೆ. ಅವರು ನಗುತ್ತಿದ್ದರು, ಕೆಲವರು ಬರೆದುಕೊಳ್ಳುತ್ತಿದ್ದರು. ಜನ ನನ್ನ ಮಾತು ಬರೆದುಕೊಳ್ಳುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ತಲೆ ಸ್ವಲ್ಪ ತಿರುಗಿತು ಎಂದೇ ಇಟ್ಟುಕೊಳ್ಳಿ.

ನಮ್ಮ ಕಡೆ ಒಂದು ರೂಢಿ ಇದೆ. ಮನೆಯಿಂದ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ದಾರಿಯಲ್ಲಿ ಎದುರಾದವರನ್ನೂ ಅಷ್ಟೆ, "ದೂರಾನಾ?" ಎನ್ನಬೇಕು. ಅವರು "ಇಲ್ಲೇ" ಎನ್ನುತ್ತಾರೆ. ಕಾಶಿಗೆ ಹೊರಟವರೂ "ಇಲ್ಲೇ" ಎನ್ನುತ್ತಾರೆ. ಅಕಸ್ಮಾತ್ ಯಾರಾದರೂ ಬಾಯಿ ತಪ್ಪಿ ಎಲ್ಲಿಗೆ ಎಂದುಬಿಟ್ಟರೆ ಹೊರಟವರು ಮನೆಗೆ ವಾಪಸು ಬಂದು, ಒಂದು ಗುಟುಕು ನೀರು ಕುಡಿದು, ಸ್ವಲ್ಪ ಕೂತು, ಮತ್ತೆ ಹೊರಡಬೇಕು. ದೊಡ್ಡಪ್ಪನಿಗೆ ಮದುವೆಯಾದದ್ದೇ ಇದರಿಂದ. ಹೆಣ್ಣು ನೋಡಲೆಂದು ದೊಡ್ಡಬೆಳವಂಗಲದ ಕಡೆ ಹೊರಟಿದ್ದನಂತೆ. ಯಾರೋ ಎಲ್ಲಿಗೆ ಎಂದರಂತೆ. ವಾಪಸು ಬಂದು ನೀರು ಕುಡಿದು ಹೊರಡುವಷ್ಟರಲ್ಲಿ ಇದ್ದ ಒಂದು ಬಸ್ಸೂ ಹೋಗಿತ್ತಂತೆ. ಮುಂದಿನ ವಾರ ಬೇರೆ ಕಡೆಯಿಂದ ಮಾತು ಬಂದು, ನಮ್ಮ ದೊಡ್ಡಮ್ಮ ಸಿಕ್ಕಳಂತೆ. ಅವನು ಇದನ್ನು ಹೇಳಿದಾಗಲೆಲ್ಲ ದೊಡ್ಡಮ್ಮ ಒಳಗಿನಿಂದ, "ಆ ಕೇಳಿದೋನು ಇನ್ನೂ ಬದುಕವ್ನಾ? ಸಿಕ್ಕಿದ್ರೆ ಹೇಳಿ, ಸ್ವಲ್ಪ ಮಾತಾಡೋದೈತೆ" ಎನ್ನುತ್ತಿದ್ದಳು.

ಆ ಭಾನುವಾರ, ಹಿಂದಿನ ಎರಡು ದಿನ ಮಳೆ ಹುಯ್ದು ನಿಂತಿತ್ತು. ಗರಸು ನೆಲದಲ್ಲಿ ಕೆಸರಾಗುವುದಿಲ್ಲ, ನಡೆಯಲು ಹಿತವಾಗಿರುತ್ತದೆ. ಹನ್ನೆರಡು ಜನವೂ ಹಾಸುಬಂಡೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಊರ ಕಡೆಯಿಂದ ದೊಡ್ಡಪ್ಪ ಬಂದ. ತಲೆಗೆ ಟವೆಲು, ಕೈಯಲ್ಲಿ ಕೋಲು, ಹೆಗಲಿಗೆ ಗೊಬ್ಬರದ ಚೀಲದಲ್ಲಿ ಹೊಲಿಸಿದ ಕೈಚೀಲ. ಎಲ್ಲರಿಗೂ ಒಂದು ನಮಸ್ಕಾರ ಹಾಕಿದ.

ಗುಂಪಿನಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡಿ ಬಿಟ್ಟ ಹೆಂಗಸೊಬ್ಬರಿದ್ದರು. ಕೊರಳಲ್ಲಿ ಸದಾ ಕ್ಯಾಮೆರಾ. "ತಾತ, ಎಲ್ಲಿಗೆ ಹೊರಟ್ರಿ?" ಎಂದು ಕೇಳಿದರು.

"ಅಯ್ಯೋ ಮೇಡಂ, ಹಂಗೆ ಕೇಳಬಾರದು!" ಎಂದು ನಾನು ಕೈ ಅಡ್ಡ ಹಿಡಿದೆ.

"ಯಾಕೆ? ನಾನೇನು ತಪ್ಪು ಕೇಳಿದೆ?"

"ಕೇಳ್ಲಿ ಬಿಡೋ, ಪಾಪ, ಅವ್ರಿಗೇನು ಗೊತ್ತು" ಎಂದ ದೊಡ್ಡಪ್ಪ.

"ದೂರಾನಾ ಅನ್ನಬೇಕು ಮೇಡಂ. ಅದು ಯಾಕೆ ಅಂದ್ರೆ, ನಮ್ಮ ದೊಡ್ಡಪ್ಪನ ಮದುವೆ ಕತೆ ಹೇಳ್ತೀನಿ ಕೇಳಿ" ಎಂದು ನಾನು ಅವರ ಕಡೆ ತಿರುಗಿ ಶುರು ಮಾಡಿದೆ. ದೊಡ್ಡಬೆಳವಂಗಲ, ಬಸ್ಸು, ನೀರಿನ ಗುಟುಕು, ಎಲ್ಲವನ್ನೂ ಹೇಳಿದೆ. ಕೊನೆಗೆ ದೊಡ್ಡಮ್ಮನ ಮಾತನ್ನು ದೊಡ್ಡಮ್ಮನ ದನಿಯಲ್ಲೇ ಹೇಳಿದೆ. ಹಾಸುಬಂಡೆಯೇ ಅಲುಗುವ ಹಾಗೆ ನಕ್ಕರು. ನಾನು ತಿರುಗಿ ನೋಡುವಾಗ ದೊಡ್ಡಪ್ಪ ಇರಲಿಲ್ಲ. ಎಡಕ್ಕೂ ಲಂಟಾನ, ಬಲಕ್ಕೂ ಲಂಟಾನ. ನಾಲ್ಕು ಹೆಜ್ಜೆ ಹಾಕಿದರೆ ಮನುಷ್ಯ ಕಾಣುವುದಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ದೊಡ್ಡಮ್ಮ ನಮ್ಮ ಮನೆಗೆ ಬಂದಳು. ಅವಳ ಮಂಡಿ ಊದಿಕೊಂಡು ಒಂದು ವಾರವಾಗಿತ್ತು. ಗೋಡೆ ಹಿಡಿದುಕೊಂಡು ಬೀದಿಯುದ್ದಕ್ಕೂ ಬಂದಿದ್ದಳು.

"ನಿಮ್ ದೊಡ್ಡಪ್ಪ ಇಲ್ಲಿಗೇನಾರ ಬಂದವ್ರಾ?"

"ಇಲ್ವಲ್ಲ ದೊಡ್ಡಮ್ಮ. ಬೆಳಿಗ್ಗೆ ಬೋರೆ ಮ್ಯಾಲೆ ಸಿಕ್ಕಿದ್ದ. ಇನ್ನೂ ಬಂದಿಲ್ವಾ?"

"ಮಧ್ಯಾಹ್ನದ ಮುದ್ದೆ ಹಂಗೇ ಕುಂತೈತೆ. ಬೀದಿ ಬಾಗ್ಲಲ್ಲೇ ಕಾಯ್ತಾ ಕುಂತಿದ್ದೆ."

"ಹೋಗುವಾಗ ಏನಂದ?"

"ಚೀಲ ತಗೊಂಡು ಹೊಸ್ಲು ದಾಟಿದ್ರು. ನಾನು ಕಸ ಗುಡಿಸ್ತಿದ್ದೆ. ಹೊರಟೋರನ್ನ ಏನಂತ ಕೇಳಾದು?"

ಟಾರ್ಚು ಹಿಡಿದು ಹೊರಟೆವು. ಬೀದಿಯಲ್ಲಿ ಒಬ್ಬೊಬ್ಬರೇ ಸೇರಿಕೊಂಡರು. ಹಾಲಿನ ಡೈರಿಯವನು ಕಂಡಿದ್ದ: "ದೂರಾನಾ ಅಣ್ಣ ಅಂದೆ, ಇಲ್ಲೇ ಕಣೋ ಅಂದ." ಹಸು ಮೇಯಿಸುತ್ತಿದ್ದ ಹೆಂಗಸು ಬೋರೆಯ ಬುಡದಲ್ಲಿ ಕಂಡಿದ್ದಳು: "ದೂರಾನಾ ಮಾವ ಅಂದೆ. ಇಲ್ಲೇ ಕಣವ್ವ ಅಂದ್ರು." ಅಂಗಡಿಯವನೂ ಅದನ್ನೇ ಹೇಳಿದ. ಊರಿನ ಆರೇಳು ಜನ ಅವನನ್ನು ಕಣ್ಣಾರೆ ಕಂಡಿದ್ದರು, ಮಾತಾಡಿಸಿದ್ದರು, ಎಲ್ಲರೂ ಮರ್ಯಾದೆಯಿಂದ ಮಾತಾಡಿಸಿದ್ದರು. ಆ ರಾತ್ರಿಯೇ ಪೊಲೀಸ್ ಠಾಣೆಗೆ ಹೋದಾಗ ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ, "ಎಲ್ಲಿಗೆ ಹೋಗ್ತೀನಿ ಅಂತ ಹೇಳಿದ್ರು?" ಎಂದರು. ಯಾರಿಗೂ ಹೇಳಿಲ್ಲ ಎಂದೆವು.

"ಇಷ್ಟು ಜನ ನೋಡಿದೀರ, ಒಬ್ರೂ ಕೇಳ್ಲಿಲ್ವೇನ್ರೀ?"

ಜೊತೆಗಿದ್ದ ಡೈರಿಯವನು, "ಹೊರಟೋರನ್ನ ಹೆಂಗೆ ಸಾರ್ ಕೇಳಾದು?" ಎಂದ. ಅವರೂ ನಮ್ಮ ಕಡೆಯವರೇ ಇರಬೇಕು, ಹಾಗೇ ಬರೆದುಕೊಂಡರು.

ಹೆಗಲಿನ ಚೀಲ ನಮ್ಮ ದಾರಿ ತಪ್ಪಿಸಿತು. ಚೀಲ ಹಾಕಿಕೊಂಡು ಹೊರಟಿದ್ದಾನೆ ಎಂದರೆ ನೆಂಟರ ಮನೆಗೇ ಎಂದು ನಾನೇ ಹೇಳಿದೆ. ಕೆರೆಯಾಚೆಯ ಹಳ್ಳಿಯಲ್ಲಿ ಅವನ ತಂಗಿಯ ಮಗಳ ಮನೆಯಿತ್ತು. ಅಲ್ಲಿಗೆ ಹೋಗುವುದು ತೋಪಿನ ದಾರಿಯಲ್ಲಿ. ಅಲ್ಲಿಗೆ ಹೋಗಿ ಕೇಳಿದರೆ ಬಂದಿಲ್ಲ ಎಂದರು. ಹಾಗಾದರೆ ನಡುವೆ ಎಲ್ಲೋ ಕೂತಿದ್ದಾನೆ, ಕೆರೆಯಲ್ಲಿ ಕಾಲು ಜಾರಿದ್ದಾನೆ ಎಂದು ತೋಪನ್ನೆಲ್ಲ ಜಾಲಾಡಿದೆವು, ಕೆರೆ ಏರಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿದೆವು. ಬೋರೆಯ ಬಲಭಾಗದ ಮಾತೂ ಬಂತು. "ಆ ಮಣ್ಣಿನ ಗುಂಡಿ ಕಡೆಗೆ ಅವನ್ಯಾಕೆ ಹೋಗ್ತಾನೆ? ಆ ಟಿಪ್ಪರಿನೋರನ್ನ ಕಂಡ್ರೇ ಆಗಲ್ಲ ಅವನಿಗೆ" ಎಂದೆ. ದಾರಿ ಬಲ್ಲವನು ನಾನು ಎಂದು ಎಲ್ಲರೂ ನನ್ನ ಮಾತನ್ನೇ ಹಿಡಿದರು. ಟಾರ್ಚಿನ ಸೆಲ್ಲು ಸತ್ತವು. ಬೆಳಕು ಹರಿಯಲಿ ಎಂದರು.

ಅಷ್ಟರಲ್ಲಿ ತನ್ನ ಮನೆಗೆ ವಾಪಸು ಹೋಗಿದ್ದ ದೊಡ್ಡಮ್ಮನನ್ನು ಅಲ್ಲಿ ಒಂಟಿಯಾಗಿ ಬಿಡುವುದು ಹೇಗೆ? ಮಗಳನ್ನು ಅನುಗೊಂಡನಹಳ್ಳಿಗೆ ಕೊಟ್ಟಿತ್ತು, ಅವಳು ಬರುವುದು ಬೆಳಿಗ್ಗೆಯೇ. "ನಾನು ಎಲ್ಲಿಗೂ ಬರಲ್ಲ. ಅವ್ರು ಬಂದ್ರೆ ಬಾಗ್ಲು ತೆಗೆಯೋರು ಯಾರು?" ಎಂದು ದೊಡ್ಡಮ್ಮ ಹಿಡಿದ ಹಟ ಬಿಡಲಿಲ್ಲ. "ಬಂದ್ರೆ ನಮ್ಮನೆಗೇ ಬರ್ತಾನೆ, ಎದ್ದೇಳು ದೊಡ್ಡಮ್ಮ" ಎಂದು ನಾನು ರಟ್ಟೆ ಹಿಡಿದು ಎಬ್ಬಿಸಿದೆ. ನನ್ನ ಹೆಂಡತಿ ಅವರ ಮನೆಗೆ ಬೀಗ ಹಾಕಿದಳು. ಊರ ನಡುವಿನ ನಮ್ಮ ಮನೆಯಲ್ಲಿ ದೊಡ್ಡಮ್ಮ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದಳು.

ಸೋಮವಾರ ಬೆಳಿಗ್ಗೆ ಇನ್ನೂ ಹಲ್ಲುಜ್ಜಿರಲಿಲ್ಲ, ಫೋನು ಬಂತು. ಬ್ಯಾಂಕಿನ ಆ ಹೆಂಗಸು. ನಿನ್ನೆಯ ನಡಿಗೆ ಚೆನ್ನಾಗಿತ್ತು, ಫೋಟೋಗಳನ್ನು ಕಳಿಸುತ್ತೇನೆ ಎನ್ನಲು ಮಾಡಿದ್ದರು.

"ಮೇಡಂ, ಆಮೇಲೆ ಮಾತಾಡ್ತೀನಿ. ನಿನ್ನೆ ಬಂದಿದ್ರಲ್ಲ ನಮ್ಮ ದೊಡ್ಡಪ್ಪ, ಮನೆಗೆ ಬಂದಿಲ್ಲ."

"ಬಂದಿಲ್ವಾ? ಅಲ್ಲೆಲ್ಲ ನೋಡಿದ್ರಾ, ಅವರು ಹೇಳಿದ ಜಾಗದಲ್ಲಿ?"

"ಯಾವ ಜಾಗ? ಅವನು ಏನೂ ಹೇಳ್ಲಿಲ್ಲವಲ್ಲ ಮೇಡಂ."

"ಬಾಯಲ್ಲಿ ಹೇಳ್ಲಿಲ್ಲ. ನಾನು ಕೇಳಿದೆನಲ್ಲ, ಅದಕ್ಕೆ ಕೋಲು ಎತ್ತಿ ತೋರಿಸಿದ್ರು. ಬಲಗಡೆಗೆ. ನೀವು ನಮ್ಮ ಕಡೆ ತಿರುಗಿ ಕತೆ ಹೇಳ್ತಾ ಇದ್ರಿ. ನಾನು ಫೋಟೋ ತೆಗೆದಿದೀನಿ."

ನಾನು ಫೋನು ಇಟ್ಟೆನೋ ಕೈಯಲ್ಲೇ ಹಿಡಿದಿದ್ದೆನೋ ನೆನಪಿಲ್ಲ. ಬರಿಗಾಲಲ್ಲಿ ಓಡಿದೆ. ಹಿಂದೆ ಡೈರಿಯವನು, ಇನ್ನಿಬ್ಬರು. ಹಾಸುಬಂಡೆಯಿಂದ ಬಲಕ್ಕೆ ತಿರುಗಿದರೆ ದಾರಿ ಎಂದಿನ ಹಾಗೆಯೇ ಇತ್ತು. ದನ ತುಳಿದು ತುಳಿದು ನುಣುಪಾದ, ಮಕ್ಕಳು ಕುಂಟೆಬಿಲ್ಲೆ ಆಡುತ್ತ ಹೋಗಬಹುದಾದ ದಾರಿ. ಒಂದು ತಿರುವಿನಾಚೆ ಅದು ಇರಲಿಲ್ಲ. ಹಿಂದಿನ ವಾರ ಗುಂಡಿಯನ್ನು ಈ ಕಡೆಗೆ ಅಗಲ ಮಾಡಿದ್ದರು. ದಾರಿಯನ್ನು ಚಾಕುವಿನಲ್ಲಿ ಕುಯ್ದ ಹಾಗೆ ಕುಯ್ದಿತ್ತು. ಅಂಚಿನ ಮಣ್ಣು ಮಳೆಗೆ ಸಡಿಲವಾಗಿ ಒಂದು ತುಂಡು ಕೆಳಗೆ ಕುಸಿದಿತ್ತು.

ಎರಡಾಳು ಆಳದಲ್ಲಿ, ಕೆಂಪು ನೀರು ನಿಂತದ್ದರ ಪಕ್ಕಕ್ಕೆ, ದೊಡ್ಡಪ್ಪ ಅಂಗಾತ ಮಲಗಿದ್ದ. ಬಿದ್ದವನ ಹಾಗೆ ಕಾಣಲಿಲ್ಲ, ಮಲಗಿದವನ ಹಾಗೇ ಕಂಡ. ಬಲಗಾಲಿನ ಮೊಣಕಾಲ ಕೆಳಗೆ ಕೋಲನ್ನು ಎರಡು ತುಂಡು ಮಾಡಿ ಆಚೆಗೊಂದು ಈಚೆಗೊಂದು ಇಟ್ಟು, ತಲೆಯ ಟವೆಲನ್ನು ಸೀಳಿ ಬಿಗಿದು ಕಟ್ಟಿಕೊಂಡಿದ್ದ. ಕುರಿ ಕಾಲು ಮುರಿದಾಗ ಅವನು ಹಾಗೇ ಕಟ್ಟುತ್ತಿದ್ದ. ಗೋಡೆಯಂಥ ಮಣ್ಣಿನಲ್ಲಿ, ಚೀಲದಲ್ಲಿ ಒಯ್ದಿದ್ದ ಕುಡುಗೋಲಿನಿಂದ ಕಾಲಿಡುವಷ್ಟು ಮೆಟ್ಟಿಲು ಕೆತ್ತಿದ್ದ. ಮೊದಲನೆಯದು ಚೆನ್ನಾಗಿತ್ತು. ಎರಡನೆಯದು ಅರ್ಧ ಆಗಿತ್ತು. ತಲೆಯ ಕೆಳಗೆ ಆ ಕೈಚೀಲ. ಚೀಲದ ತುಂಬ ಲಕ್ಕಿ ಸೊಪ್ಪು.

ಲಕ್ಕಿ ಸೊಪ್ಪನ್ನು ಕುದಿಸಿ, ಆ ನೀರನ್ನು ಹುಯ್ದುಕೊಂಡರೆ ಊದಿದ ಮಂಡಿ ಇಳಿಯುತ್ತದೆ. ರಸ್ತೆ ಬದಿಯಲ್ಲಿದ್ದ ಲಕ್ಕಿಯೆಲ್ಲ ರಸ್ತೆ ಅಗಲವಾದಾಗ ಮಣ್ಣಿನಡಿ ಹೋಗಿತ್ತು. ಉಳಿದದ್ದು ಆ ಹಳ್ಳದ ಅಂಚಿನಲ್ಲಿ ಮಾತ್ರ. ಭಾನುವಾರ ಟಿಪ್ಪರು ಇರುವುದಿಲ್ಲ ಎಂದು ಹೋಗಿದ್ದಾನೆ. ಹಳ್ಳದ ಬದಿಗೆ ಹೇಗೋ ಬಳಸಿ ಹೋಗಿ ಸೊಪ್ಪು ಕುಯ್ದುಕೊಂಡಿದ್ದಾನೆ. ಬರುವಾಗ ಗುಂಡಿಯ ಪಕ್ಕದಲ್ಲೇ ತನ್ನ ಹಳೆಯ ದಾರಿ ಸೇರಿಕೊಳ್ಳಲು ಹೋಗಿ, ಸಡಿಲವಾದ ಅಂಚಿಗೇ ಕಾಲಿಟ್ಟಿದ್ದಾನೆ.

ಡೈರಿಯವನು ಕೆಳಗಿಳಿದು ಮೂಗಿನ ಹತ್ತಿರ ಕೈಯಿಟ್ಟು ನೋಡಿದ. ಆಮೇಲೆ ಕಂಕುಳಲ್ಲಿ ಕೈಯಿಟ್ಟು ನೋಡಿದ. "ಇನ್ನೂ ಬೆಚ್ಚಗೈತೆ ಕಣಣ್ಣ" ಎಂದು ಅತ್ತ. ಎತ್ತಿಕೊಂಡು ಓಡಿದೆವು. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಜೀವ ಹೋಗಿದೆ, ಬೆಳಗಿನ ಜಾವದವರೆಗೂ ಇದ್ದಿರಬೇಕು ಎಂದರು. ಕಾಲು ಮುರಿದದ್ದರಿಂದ ಯಾರೂ ಸಾಯುವುದಿಲ್ಲ, ಒಳಗೆ ಎಲ್ಲೋ ರಕ್ತ ಹೋಗಿದೆ, ಬೇಗ ತಂದಿದ್ದರೆ ನೋಡಬಹುದಿತ್ತು ಎಂದರು. ಅವರು ಸಮಾಧಾನವಾಗಿಯೇ ಹೇಳಿದರು.

ಎರಡು ದಿನದ ಮೇಲೆ ಅಧಿಕಾರಿಯವರು ಒಂದು ಲಕೋಟೆ ತಂದುಕೊಟ್ಟರು. ಫೋಟೋ. ಬೇಡ ಎನ್ನಲಾಗಲಿಲ್ಲ. ಅದರಲ್ಲಿ ಬಂಡೆಯ ಮೇಲೆ ಕೂತವರ ಬೆನ್ನುಗಳು, ಅವರೆದುರು ನಾನು. ಎರಡೂ ಕೈ ಮೇಲಕ್ಕೆತ್ತಿದ್ದೇನೆ, ಬಾಯಿ ತೆರೆದಿದೆ, ಬಸ್ಸು ಹೋದದ್ದನ್ನು ಹೇಳುತ್ತಿರಬೇಕು. ನನ್ನ ಹಿಂದೆ ಒಂದು ಮಾರು ದೂರದಲ್ಲಿ ದೊಡ್ಡಪ್ಪ. ಕೋಲನ್ನು ನೆಟ್ಟಗೆ ಬಲಕ್ಕೆ ಚಾಚಿ, ಕ್ಯಾಮೆರಾದವರ ಕಡೆ ನೋಡಿಕೊಂಡು ನಿಂತಿದ್ದಾನೆ. ಕೇಳಿದವರಿಗೆ ಉತ್ತರ ಹೇಳದೆ ಹೋಗುವ ಪೈಕಿ ಅಲ್ಲ ಅವನು. ನಾನು ಮಾತು ಮುಗಿಸಲಿ ಎಂದು ಸ್ವಲ್ಪ ಹೊತ್ತು ಕಾದೂ ಇರಬಹುದು.

ಹನ್ನೊಂದರ ತಿಥಿ ಮುಗಿಯುವವರೆಗೂ ನಾನು ಅದನ್ನು ಯಾರಿಗೂ ತೋರಿಸಲಿಲ್ಲ. ಊರಿನವರೆಲ್ಲ ನನ್ನನ್ನೇ ಹೊಗಳುತ್ತಿದ್ದರು: ಫೋನು ಬಂದ ತಕ್ಷಣ ಹೆಂಗೆ ಓಡಿದ ನೋಡು, ಮಗನಿಗಿಂತ ಹೆಚ್ಚು ಎಂದು. ಅದನ್ನು ಕೇಳುತ್ತ ಕೂರುವುದು ನನ್ನಿಂದಾಗಲಿಲ್ಲ. ತಿಥಿಯ ಮಾರನೆಯ ದಿನ ದೊಡ್ಡಮ್ಮನ ಮನೆಗೆ ಹೋಗಿ ಫೋಟೋವನ್ನು ಅವಳ ಕೈಗೆ ಕೊಟ್ಟೆ. ನಡೆದದ್ದನ್ನೆಲ್ಲ ಹೇಳಿದೆ. ಕೇಳಿದವರ ಬಾಯಿಗೆ ಕೈ ಅಡ್ಡ ಹಿಡಿದದ್ದು, ಬೆನ್ನು ತಿರುಗಿಸಿದ್ದು, ಅವಳ ದನಿಯನ್ನೇ ಅಣಕಿಸಿದ್ದು, ಬಲಗಡೆಗೆ ಬೇಡ ಎಂದದ್ದು, ಒಂದನ್ನೂ ಬಿಡಲಿಲ್ಲ.

ಅವಳು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ನನ್ನನ್ನು ನೋಡಿದಳೋ ದೊಡ್ಡಪ್ಪನನ್ನು ನೋಡಿದಳೋ.

"ನನ್ನ ಮುಂದೇನೆ ಹೊಸ್ಲು ದಾಟಿದ್ರು. ನಾನೂ ಕೇಳ್ಲಿಲ್ಲ" ಎಂದಳು. ಆಮೇಲೆ, "ಆ ಜಾಗ ನೋಡ್ಬೇಕು, ಕರ್ಕೊಂಡು ಹೋಗು" ಎಂದಳು.

"ನಿನ್ನ ಮಂಡಿ?"

"ಸುಲಭದ ದಾರಿ ಅಂತ ಪ್ಯಾಟೆಯೋರನ್ನ ಕರ್ಕೊಂಡು ಹೋಗ್ತೀಯಲ್ಲ. ನಾನೂ ನಡೀತೀನಿ."

ಮಗಳು ಬೇಡ ಎಂದಳು. ದೊಡ್ಡಮ್ಮ ಕೇಳಲಿಲ್ಲ. ನನ್ನ ತೋಳು ಹಿಡಿದು ನಡೆದಳು. ಹಾಸುಬಂಡೆಯ ಮೇಲೆ ಕೂರೋಣ ಎಂದರೆ ಅದಕ್ಕೂ ಒಪ್ಪಲಿಲ್ಲ. ಬಲಕ್ಕೆ ತಿರುಗಿದೆವು. ಗುಂಡಿಯ ಅಂಚಿಗೆ ಊರಿನವರು ಜಾಲಿ ಮುಳ್ಳು ಕಡಿದು ಹಾಕಿದ್ದರು. ಮಣ್ಣು ತೆಗೆಯುವವರು ಆವತ್ತಿನಿಂದ ಬಂದಿರಲಿಲ್ಲ. ಅವಳು ಮುಳ್ಳಿನ ಈಚೆಗೆ ನಿಂತು ಕೆಳಗೆ ನೋಡಿದಳು. ಅಳಲಿಲ್ಲ. ತಲೆ ಎತ್ತಿ, ಗುಂಡಿಯಾಚೆಗೆ ಲೇಔಟಿನ ಬಿಳಿ ಕಲ್ಲುಗಳ ಮೇಲಿಂದ ನೋಡಿದಳು.

"ಆ ಮರ ಯಾವುದ್ಲಾ?"

ನಾನೂ ಅವಳು ನೋಡಿದ ಕಡೆಗೆ ನೋಡಿದೆ.

"ನಮ್ಮ ಹಿತ್ತಲ ನುಗ್ಗೆ ಮರ ಅಲ್ವಾ?"

"ಹೂಂ."

"ಇಷ್ಟು ಹತ್ರ."

ದಾರಿ ಸುತ್ತಿಕೊಂಡು ಬಂದದ್ದರಿಂದ ನನಗೂ ಅದು ಹೊಳೆದಿರಲಿಲ್ಲ. ನಡುವೆ ಖಾಲಿ ಸೈಟುಗಳು, ತಂತಿ, ಅಷ್ಟೆ. ನುಗ್ಗೆ ಮರದ ಕೆಳಗೆ ಹಗ್ಗಕ್ಕೆ ಹರಡಿದ್ದ ಸೀರೆಯ ಬಣ್ಣವೂ ತಿಳಿಯುತ್ತಿತ್ತು.

"ನಾನು ಮನೆಗೆ ಹೋಯ್ತೀನಿ" ಎಂದಳು ದೊಡ್ಡಮ್ಮ. "ಹೋಗಿ ಹಿತ್ತಲ ಬಾಗ್ಲು ತೆಗ್ದು ಕೂತ್ಕತೀನಿ. ಅಷ್ಟೊತ್ತು ತಡ್ದು, ಕೆಳಗೆ ಇಳಿದು ಕೂಗು."

"ಬೇಡ ದೊಡ್ಡಮ್ಮ. ಏನು ಬಂತು ಅದರಿಂದ?"

"ಕೂಗು ಅಂದೆ. ಎಷ್ಟು ಸಲ ಕೂಗ್ತೀಯ ಅಂತ ನಂಗೆ ಹೇಳ್ಬೇಡ."

"ಏನಂತ ಕೂಗ್ಲಿ?"

"ಅವ್ರು ನನ್ನ ಹೆಸರು ಹಿಡಿದು ಕೂಗ್ತಿದ್ರಾ? ಏಯ್ ಅಂತಿದ್ರು. ಹಂಗೇ ಕೂಗು."

ಅವಳ ಜೊತೆ ಹಾಸುಬಂಡೆಯವರೆಗೂ ಹೋಗಿ, ಅಲ್ಲಿ ಹಸು ಮೇಯಿಸುತ್ತಿದ್ದ ಹೆಂಗಸಿಗೆ ಒಪ್ಪಿಸಿ, ವಾಪಸು ಬಂದೆ. ಮುಳ್ಳು ಸರಿಸಿ ಇಳಿದೆ. ಅವನು ಕೆತ್ತಿದ ಮೆಟ್ಟಿಲಿನ ಮೇಲೆ ಕಾಲಿಡದೆ, ಬಳಸಿ, ಜಾರಿಕೊಂಡು ಇಳಿದೆ. ಕೆಳಗೆ ಹೋದರೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಅವಳ ನಡಿಗೆಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದೆ. ಅದಕ್ಕಿಂತಲೂ ಹೆಚ್ಚು ಕಾದೆ. ಆಮೇಲೆ ಕೂಗಿದೆ. ಒಂದು ಸಲ. ಎರಡನೇ ಸಲ ಕೂಗುವಾಗ ವಿಮಾನವೊಂದು ತಲೆಯ ಮೇಲೇ ಇಳಿದುಹೋಯಿತು, ನನ್ನ ದನಿ ನನಗೇ ಕೇಳಿಸಲಿಲ್ಲ. ಅದು ಹೋದ ಮೇಲೆ ಮತ್ತೊಂದು ಸಲ ಕೂಗಿದೆ. ನಾಲ್ಕನೆಯ ಸಲ ಕೂಗದೆ ಮೇಲಕ್ಕೆ ಹತ್ತಿದೆ.

ಮನೆಗೆ ಹೋಗುವಷ್ಟರಲ್ಲಿ ದೊಡ್ಡಮ್ಮ ಹಿತ್ತಲ ಬಾಗಿಲಿನಲ್ಲಿ ಕಾಲು ನೀಡಿಕೊಂಡು ಕೂತಿದ್ದಳು. ಕೇಳಿಸಲಿಲ್ಲ ಎನ್ನಲಿ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದೆ.

"ಮೂರು ಸಲ" ಎಂದಳು. "ನಡುವಿನದು ಸಣ್ಣಗೆ ಕೇಳ್ತು. ವಿಮಾನ ಹೋಯ್ತಲ್ಲ."

ನಾನು ಅವಳ ಪಕ್ಕ ಹೊಸ್ತಿಲ ಮೇಲೆ ಕೂತೆ. ಒಳಗೆ ಮಗಳು ಪಾತ್ರೆ ತೊಳೆಯುತ್ತಿದ್ದಳು. ದೊಡ್ಡಮ್ಮ ನನ್ನ ಮುಖ ನೋಡದೆ, "ಆವತ್ತು ರಾತ್ರಿ ನಾನು ನಿಮ್ಮನೇಲಿದ್ದೆ ಅಲ್ವಾ" ಎಂದಳು.

ಹೂಂ ಎಂದೆ.